ಸೂರಿನಲ್ಲಿ ನೋಡಬೇಕಾದ್ದು

ಊರ ಹೆಸರು ಸೂರ್.
ಒಮಾನಿನ ಮೂಡಣ ತುದಿ, ಕಡಲಿಗೆ ಮೊಣಕೈ ಊರಿ ಕೂತ ಊರು.
ಮೊದಲ ಸಲ ಕೇಳಿದಾಗ ನಗು ಬಂದಿತ್ತು:
ಸೂರಿಗಾಗಿ ಅಲೆದವನಿಗೆ ಕೊನೆಗೂ ಸೂರು!
ಮಾಡು ತಗಡಿನದು, ಕೋಣೆಗೆ ಆರು ಜನ,
ಮಳೆ ಮರೆತ ಊರಲ್ಲಿ ಹನಿಯುವುದು ಏಸಿ ಒಂದೇ.

ನಾನು ಗಂಗೊಳ್ಳಿಯ ಜಟ್ಟಪ್ಪ ಖಾರ್ವಿ.
ಅರಬ್ಬಿಗೆ ಪಕಾರವಿಲ್ಲ,
ಎದೆಯ ಬಿಲ್ಲೆಯಲ್ಲಿ ಜತಬ್ಬ.
ಹಳೆಯ ಹಡಗಿನ ಅಂಗಳ ಗುಡಿಸುತ್ತೇನೆ,
ಚೀಟಿ ಹರಿಯುತ್ತೇನೆ,
'ಮುಟ್ಟಬೇಡಿ' ಅನ್ನುತ್ತೇನೆ, ಐದು ಭಾಷೆಯಲ್ಲಿ.

ಒಂಬತ್ತಕ್ಕೆ ಬಸ್ಸು.
ಕೋಟೆಗೆ ಅರ್ಧ ಗಂಟೆ, ಕಾವಲು ಗೋಪುರಕ್ಕೆ ಹತ್ತು ನಿಮಿಷ,
ದೀಪಸ್ತಂಭದೆದುರು ಎಲ್ಲರೂ ಹಲ್ಲು ಬಿಟ್ಟು ಒಂದು ಫೋಟೊ,
ಆಮೇಲೆ ನನ್ನ ಹಡಗು.
ನನ್ನದೆಂದೆನೇ? ಸರಕಾರದ್ದು.
ಕಬ್ಬಿಣದ ಊರುಗೋಲುಗಳ ಮೇಲೆ ನಿಂತಿದೆ
ನೀರಿಗೆ ಬೆನ್ನು ಹಾಕಿ, ಮುನಿದವರ ಹಾಗೆ.
ಫಲಕದಲ್ಲಿ ಬರೆದಿದೆ: ಮರ, ಭಾರತದ್ದು.
ಅಷ್ಟೇ.
ಕಾಳಿ ಹೊಳೆಯ ಮೇಲಣ ಸಾಗುವಾನಿಯೋ,
ಹೊನ್ನಾವರದ ಅಳಿವೆಗೆ ತೇಲಿಬಂದ ದಿಮ್ಮಿಯೋ
ಕೇಳಿದವರಿಲ್ಲ.

ಅಜ್ಜ ಹೇಳುತ್ತಿದ್ದ: ಇಂಥವು ನಮ್ಮ ಬಂದರಿಗೆ
ಖರ್ಜೂರ ತಂದು ಹಂಚು ಹೊತ್ತು ಹೋಗುತ್ತಿದ್ದವಂತೆ.
ವೀಸಾ ಕೇಳುತ್ತಿರಲಿಲ್ಲ ಯಾರೂ,
ಗಾಳಿ ತಿರುಗುವುದನ್ನು ಕಾಯುತ್ತಿದ್ದರು.

ಕಳೆದ ಮಾಘದಲ್ಲಿ ಜಪಾನಿನಿಂದ ಹನ್ನೊಂದು ಮುದುಕಿಯರು.
ಹನ್ನೊಂದು ಕೊಡೆ, ಇಪ್ಪತ್ತೆರಡು ಬಿಳಿ ಕೈಗವಸು.
ಹತ್ತು ಮಂದಿ ಹಡಗಿಗೆ ಬೆನ್ನು ತಿರುಗಿಸಿ
ಹಡಗಿನ ಜೊತೆ ಫೋಟೊ ತೆಗೆಸಿಕೊಂಡರು.
ಒಬ್ಬಾಕೆ, ಕಿನುಯೆ ಎಂದು ಕೊರಳ ಚೀಟಿ,
ಹಗ್ಗದ ಬೇಲಿಯ ಕೆಳಗೆ ನುಸುಳಿ, ಕೈಗವಸು ಕಳಚಿ,
ಗೆಣ್ಣಿನಿಂದ ಹಲಗೆಗೆ ತಟ್ಟಿದಳು,
ಹಲಸಿನ ಹಣ್ಣು ನೋಡುವವಳ ಹಾಗೆ.
ಕಿವಿ ಇಟ್ಟಳು.
ಐದೂ ಭಾಷೆ ನನಗೆ ಮರೆತುಹೋಯಿತು.

ಏನೋ ಅಂದಳು. ಅದು ಇಂಗ್ಲಿಷಾಗಿ, ಅರಬ್ಬಿಯಾಗಿ,
ಗೈಡು ಖಲ್ಫಾನನ ಮುರುಕು ಹಿಂದಿಯಾಗಿ
ನನ್ನ ತನಕ ಬರುವಷ್ಟರಲ್ಲಿ ಇಷ್ಟೇ ಉಳಿದಿತ್ತು:
'ಇವಳ ಗಂಡ ದೋಣಿ ಕಟ್ಟುತ್ತಿದ್ದ.
ಅವನ ಕೊನೆಯ ದೋಣಿಯೂ ಅವಳೂರಲ್ಲಿ ಹೀಗೇ ನಿಂತಿದೆ,
ದೇವರ ಗುಡಿ, ದೀಪಸ್ತಂಭ, ಆಮೇಲೆ ಅದು, ಬಸ್ಸು ಬರುತ್ತದೆ.
ಕೆಳಗಿನಿಂದ ಮೂರನೇ ಹಲಗೆ ಟೊಳ್ಳು ಅನ್ನುತ್ತಾಳೆ.'

ಒರಲೆ. ನನಗೆ ಗೊತ್ತಿತ್ತು.
ಆಫೀಸಿಗೆ ಎರಡು ಸಲ ಹೇಳಿದ್ದೆ;
'ಜತಬ್ಬ, ನೀನು ಗುಡಿಸು' ಅಂದಿದ್ದರು.
ನಾನು ಮೂರು ಬೆರಳು ಎತ್ತಿದೆ. ಅವಳೂ ಮೂರು ಎತ್ತಿದಳು.
ಬಸ್ಸು ಹಾರನ್ ಹೊಡೆಯಿತು.
ಬೆರಳಿಗಂಟಿದ ಮೀನೆಣ್ಣೆಯನ್ನು ಮೂಸಿ ನೋಡಿ
ಒರೆಸಿಕೊಳ್ಳದೆ ಕೈಗವಸು ಹಾಕಿಕೊಂಡಳು.

ಈಗ ಬೀಗ ಹಾಕುವ ಮುನ್ನ ದಿನವೂ ತಟ್ಟುತ್ತೇನೆ.
ಟಕ್. ಟಕ್.
ಮೂರನೆಯದರಲ್ಲಿ ಡಬ್.
ವಾರಕ್ಕೊಂದು ಬೆರಳಗಲ ಮುಂದೆ ಸರಿಯುತ್ತಿದೆ ಡಬ್ಬು,
ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೇನೆ
ಕ್ಯಾಮೆರಾ ಬೀಳದ ಮಗ್ಗುಲಲ್ಲಿ.
ಈ ಕಡೆ ಬಂದರೆ ಜತಬ್ಬನನ್ನು ಕೇಳಿ, ತೋರಿಸುತ್ತೇನೆ.
ಮುಟ್ಟಬೇಡಿ ಅನ್ನುತ್ತಲೇ.