ಒಣ ತೂಕ

ಚಪ್ಪಲಿ ಬಿಟ್ಟು ಹತ್ತಿ ಟೀಚರೇ, ಅನ್ನುತ್ತಾನೆ ಲಿಜೇಶ.
ಹತ್ತುತ್ತೇನೆ. ಸೆರಗನ್ನು ಕೈಯಲ್ಲಿ ಎತ್ತಿ ಹಿಡಿಯುತ್ತೇನೆ,
ಹಿಡಿದರೆ ಅದರ ಭಾರ ಎಲ್ಲಿಗೆ ಹೋಗುತ್ತದೋ!
ನಲವತ್ತೈದು ಮುನ್ನೂರು.
ಶನಿವಾರ ಇಲ್ಲಿಂದ ಇಳಿದಾಗ ನಲವತ್ತೆರಡೂವರೆ.

ನಡುವಿನದು ನೀರು.
ಹೊರಗೆ ಹೋಗಲು ದಾರಿಯಿಲ್ಲದ ಚಹಾ, ಗಂಜಿ,
ಮಾತ್ರೆಯ ಜೊತೆಗಿನ ಗುಟುಕು, ಕದ್ದು ಚೀಪಿದ ಐಸು.
ಯಂತ್ರ ನಾಲ್ಕು ಗಂಟೆ ಹಿಂಡಿದ ಮೇಲೆ ಉಳಿಯುವುದಕ್ಕೆ
ವಿರಾಜಪೇಟೆಯ ಈ ಕೋಣೆಯಲ್ಲಿ ಒಣ ತೂಕ ಅಂತಾರೆ.
ಕಣದಲ್ಲಿ ಹರಡಿದ ಕಾಫಿಗೂ ನಮ್ಮಲ್ಲಿ ಅದೇ ಮಾತು.

ಇಪ್ಪತ್ತೇಳು ವರ್ಷ ಬೇರೆಯವರ ತೂಕ ಬರೆದವಳು ನಾನು.
ನೆಲ್ಯಹುದಿಕೇರಿಯ ಅಂಗನವಾಡಿ, ತೊಲೆಗೆ ನೇತುಹಾಕಿದ ತಕ್ಕಡಿ,
ಚಡ್ಡಿಯಂಥ ನೀಲಿ ಚೀಲದಲ್ಲಿ ಕಾಲು ಇಳಿಬಿಟ್ಟು ಕಿರುಚುವ ಕೂಸು.
ಹಸಿರು ಗೆರೆ, ಹಳದಿ ಗೆರೆ, ಕೆಂಪು ಗೆರೆ.
ಲೈನ್ ಮನೆಯ ಮಕ್ಕಳು ಯಾವಾಗಲೂ ಕೆಂಪಿನ ಅಂಚಿಗೆ.
ಸೂಪರ್‌ವೈಸರ್ ಬರುವ ಹಿಂದಿನ ಸಂಜೆ
ಒಬ್ಬಳೇ ಕೂತು, ಪೆನ್ನಿನ ತುದಿಯಿಂದ
ಒಂದೊಂದಕ್ಕೂ ನಾನೂರು ಗ್ರಾಂ ಉಣಿಸಿದ್ದೇನೆ.
ಹಾಳೆಯ ಮೇಲೆ ದುಂಡಗಾದವು.
ಯಾರೂ ಕೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ಈಗ ನನ್ನ ಮೈ ಅದೇ ಕೆಲಸ ಹಿಡಿದಿದೆ.
ತೊಡೆ ಕರಗಿತು, ಬಳೆ ಮೊಣಕೈವರೆಗೂ ಜಾರುತ್ತದೆ,
ಲೆಕ್ಕದಲ್ಲಿ ಮಾತ್ರ ತೂಕ ಹಾಗೇ ಇದೆ, ನೀರಿನಲ್ಲಿ ತಿದ್ದಿದ್ದು.
ಮುಖ ತುಂಬಿಕೊಂಡಿದೆ, ಸುಧಾರಿಸಿದ್ದೀರಿ, ಎಂದಳು ನಾದಿನಿ.

ಕಿತ್ತಳೆ ಬೇಡ, ಬಾಳೆ ಬೇಡ, ಎಳನೀರಂತೂ ಬೇಡವೇ ಬೇಡ,
ಕೆಸವು ಬೇಯಿಸಿದ ನೀರು ಚೆಲ್ಲಬೇಕು, ಮತ್ತೆ ಬೇಯಿಸಬೇಕು,
ಬೇಡಗಳನ್ನು ಮಗ್ಗಿಯ ಹಾಗೆ ಕಲಿತೆ.
ಕಲಿತು, ಹೆದರಿ, ಕೊನೆಗೆ ಅನ್ನವನ್ನೂ ತಟ್ಟೆಯ ಅಂಚಿಗೆ ತಳ್ಳಿದೆ.
ಒಳ್ಳೆಯ ಪೇಷಂಟ್, ಎಂದರು.
ಮೂರನೇ ಹಾಸಿಗೆಯ ಉಮ್ಮರ್ ಕಾಕನೂ ಒಳ್ಳೆಯ ಪೇಷಂಟೇ.
ಆಟಿಯಲ್ಲಿ ಒಂದು ಕೆಮ್ಮು ಬಂತು ಅವರಿಗೆ,
ಬರಿಯ ಕೆಮ್ಮು.
ತಡೆಯಲು ಮೈಯಲ್ಲಿ ಏನೂ ಇರಲಿಲ್ಲ.

ಹೊಸ ಡಯಟೀಶಿಯನ್ ಹುಡುಗಿ ಕಾಗದ ನೋಡಿ
ಅಲ್ಬುಮಿನ್ ಎರಡು ಪಾಯಿಂಟ್ ಎಂಟು, ಎಂದಳು. ದನಿ ಇಳಿಸಿ,
ತಿನ್ನಿ ಅಮ್ಮಾ. ಮೂರು ಮೊಟ್ಟೆ, ಬಿಳಿಯದು. ಮೀನು. ತಿನ್ನಿ.
ಅದೇ ದನಿಯಲ್ಲಿ ಎಷ್ಟು ತಾಯಂದಿರಿಗೆ ಹೇಳಿದ್ದೆ,
ಇಲ್ಲದ್ದನ್ನು ತಿನ್ನಿಸಿ ಎಂದು.

ಮನೆಗೆ ಬಂದು ಟ್ರಂಕಿನಿಂದ ಹಳೆಯ ಅಳತೆಪಟ್ಟಿ ತೆಗೆದೆ,
ಮಕ್ಕಳ ರಟ್ಟೆಗೆ ಸುತ್ತುವುದು. ನನ್ನದಕ್ಕೆ ಸುತ್ತಿದೆ.
ಹಸಿರು ತೋರಿಸಿತು!
ಐದು ವರ್ಷದೊಳಗಿನವರ ಲೆಕ್ಕದಲ್ಲಿ ನಾನು ಪುಷ್ಟ.

ಮೊಟ್ಟೆ ಬೇಯಿಸುತ್ತೇನೆ.
ಹಿಂದೆ ದಾರದಿಂದ ಸೀಳಿ ಇಬ್ಬರಿಗೆ ಒಂದು ಮಾಡುತ್ತಿದ್ದೆ,
ಈಗ ಬಿಳಿಯದು ನನಗೆ, ಹಳದಿ ಪಕ್ಕದ ಲೈನಿನ ಸೆಲ್ವಿಯ ಮಗನಿಗೆ.
ಅವನ ತೂಕ ಎಲ್ಲೂ ಬರೆಯುವುದಿಲ್ಲ.
ಎಡಗೈಯಲ್ಲಿ ಫಿಸ್ಟುಲಾ ಗುಂಯ್‌ಗುಡುತ್ತದೆ, ಅದರಲ್ಲಿ ಎತ್ತಬಾರದು;
ಬಲಗೈಯಲ್ಲಿ ಎತ್ತಿ ನೋಡುತ್ತೇನೆ.
ಹೋದ ವಾರಕ್ಕಿಂತ ಭಾರ.
ಇವನು ಬೆಳೆದನೋ, ನನ್ನ ಕೈ ಸೋತಿತೋ,
ಇಳಿಸಿ, ಇನ್ನೊಮ್ಮೆ ಎತ್ತುತ್ತೇನೆ.