ಎಣಿಕೆ ಮುಗಿಯುವವರೆಗೆ

ಹಸಿರಂಗಿ ಬೇಡ, ಅಂದಳು ಅಕೇಯೊ
ಚಹಾ ಬಗ್ಗಿಸುತ್ತ, ನನ್ನ ಮುಖ ನೋಡದೆ.
ಕಿಸುಮುವಿನಲ್ಲಿ ಈ ವಾರ ಅಂಗಿಗೂ ಬಾಯಿದೆ.

ಸರೋವರದಂಚಿನ ಮೀನಂಗಡಿಗಳು
ಮಧ್ಯಾಹ್ನಕ್ಕೇ ಕದ ಎಳೆದಿವೆ.
ಬೈಕಿನ ಹುಡುಗ ಒವಿಟಿ ಇಮ್ಮಡಿ ಬಾಡಿಗೆಗೂ
ಸರ್ಕಲ್ಲು ದಾಟಲೊಲ್ಲ.
ಯಾರು ಗೆಲ್ತಾರೆ ಅಂತ ಕೇಳಬಾರದಿತ್ತು ನಾನು,
ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ.

ಬಚ್ಚಲಲ್ಲಿ ಮೂರು ಡ್ರಮ್ಮು ನೀರು,
ಮಂಚದಡಿ ಜೋಳದ ಹಿಟ್ಟು, ಮೇಣದಬತ್ತಿ.
ರೇಡಿಯೋ ಅಂಕಿ ಓದುತ್ತದೆ,
ನಿಲ್ಲುತ್ತದೆ,
ಅದೇ ಅಂಕಿ ಮತ್ತೆ ಓದುತ್ತದೆ.
ಕಿಟಕಿಯಿಂದ ದೂರ ಮಲಗಿ, ಫೋಟೋ ಗೀಟೋ ಬೇಡ.
ರಾಯಭಾರ ಕಚೇರಿಯ ನಂಬರು ಗೋಡೆಯ ಮೇಲಿತ್ತು,
ಹಿಂದಿನ ಚುನಾವಣೆಯ ಯಾವನೋ ಅತಿಥಿಯ ಕೈಬರಹದಲ್ಲಿ.

ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದಳು.
ಶಾಯಿಯ ಕಿರುಬೆರಳನ್ನು, ಇನ್ನೂ ಹಸಿಯೆಂಬಂತೆ,
ಬೇರೆಯೇ ಹಿಡಿದು ಲಕೋಟೆ ಚಾಚಿದಳು:
ಮನೆ ಪತ್ರ, ಮಗಳ ಜನನ ದಾಖಲೆ.
‘ನಿಮ್ಮ ಪಾಸ್‌ಪೋರ್ಟಿನ ಜೊತೆ ಇರಲಿ.
ಬೆಂಕಿ ಬಿದ್ದರೆ
ನಿಮ್ಮನ್ನೇ ಮೊದಲು ಹೊರಗೊಯ್ಯುತ್ತಾರೆ.’

ಕ್ಷೇಮವಾ? ಅಂತ ಊರಿಂದ ಮೆಸೇಜು.
ಲಕೋಟೆಯ ಮೇಲೆ ಕೈಯಿಟ್ಟು
ಏನು ಬರೆಯಲಿ ಅಂತ ಕೂತೆ.
ಹೊರಗೆ ಒಂದು ನಾಯಿ ಬೊಗಳಿತು,
ಆಮೇಲೆ ಬೀದಿಯ ನಾಯಿಗಳೆಲ್ಲ.