ನೀಲಿ ಉಗುರು

ಹೊನ್ನೂರವಲಿ ಬಂದಾಗ ನನ್ನ ಬಾಯಲ್ಲಿ ದಾರ ಇತ್ತು.
ಕೌಲ್ ಬಜಾರಿನ ಈ ಮಾಳಿಗೆಯಲ್ಲಿ ನಾನು ಕಾಜಾ ಹೊಲಿಯುವವಳು,
ಒಂದಕ್ಕೆ ಎಪ್ಪತ್ತು ಪೈಸೆ.
"ರುದ್ರಕ್ಕ, ಒಂದು ರಾತ್ರಿ" ಅಂದ.
ಹ್ಞೂಂ ಅಂದೆನೋ, ದಾರ ಉಗುಳಿದೆನೋ,
ಅವನಂತೂ ಪ್ಯಾಂಟಿನ ಗಂಟುಗಳ ಹಿಂದೆ ಕೂತುಬಿಟ್ಟ.

ಅವನು ಮಾಡಿದ್ದು ಇಷ್ಟೇ.
ವಾಷಿಂಗ್ ಘಟಕದಲ್ಲಿ ಮೋಟರು ನಡೆಸುವವ,
ರಾತ್ರಿ ಎರಡಕ್ಕೆ ಬಣ್ಣದ ನೀರನ್ನ
ಬತ್ತಿದ ಬೋರಿನೊಳಗೆ ಬಿಡುವುದನ್ನ
ಹನ್ನೊಂದು ರಾತ್ರಿ ಫೋನಿನಲ್ಲಿ ಹಿಡಿದ,
ಸರ್ಕಾರದ ಸಾಹೇಬರ ಕೈಗೆ ಕೊಟ್ಟ.
ಸಾಹೇಬರು ಚಹಾ ತರಿಸಿದರು.
ಚಹಾ ಆರುವ ಮೊದಲೇ ಮಾಲೀಕರಿಗೆ ಸುದ್ದಿ ಮುಟ್ಟಿತ್ತು.
ಸಂಜೆಗೆ ಕೇಸು: ಗಲ್ಲಾಪೆಟ್ಟಿಗೆಯಿಂದ
ನಲವತ್ತು ಸಾವಿರ ಕದ್ದನಂತೆ.

ನನ್ನ ಮಗ ಒಂಬತ್ತನೇ ಕ್ಲಾಸು. ಅಟ್ಲಾಸು ತಂದು
ಕಟಿಂಗ್ ಟೇಬಲ್ಲಿನ ಮೇಲೆ ಹರಡಿದ.
ಹಿಡಿದು ಒಪ್ಪಿಸುವ ಕರಾರು ಇಲ್ಲದ ದೇಶಗಳೂ ಅದಾವಂತೆ,
ಅಲ್ಲಿ ಹೋಗಿ ನಿಂತರೆ ಯಾರೂ ಮುಟ್ಟಂಗಿಲ್ಲ.
ಹಳದಿ ದೇಶ, ಗುಲಾಬಿ ದೇಶ,
ಬೆರಳಿಟ್ಟು ಹೆಸರು ಓದುತ್ತಾ ಹೋದ.
ಹೊನ್ನೂರವಲಿ ಕೇಳಿದ: "ಬಸ್ ಚಾರ್ಜು ಎಷ್ಟಪ್ಪಾ?"

ನಮಗೆ ಪರದೇಶ ಅಂದರೆ ಆದೋನಿ. ಗುಂತಕಲ್ಲು, ರಾಯದುರ್ಗ.
ಹಗರಿ ದಾಟಿ ಅಂಗಡಿಯ ಬೋರ್ಡು ತೆಲುಗಾದರೆ
ಗಡಿ ಆಯ್ತು ಅಂತ ಲೆಕ್ಕ.
ಆದೋನಿಯಲ್ಲಿ ಅವನ ಹೆಂಡತಿಯ ತಮ್ಮ ಇದಾನ,
ಆದರೆ ಆ ಠಾಣೆಯ ಪೇದೆ ಈ ಠಾಣೆಯ ಪೇದೆಯ ಅಳಿಯ;
ಹಬ್ಬಕ್ಕೆ ಹೋಳಿಗೆ ಡಬ್ಬಿ ಕಳಿಸಿದಂಗೆ
ಮನುಷ್ಯನ್ನೂ ಕಳಿಸಿಕೊಡ್ತಾರ.
ದರ್ಗಾ ಅಂದೆ. ಈ ವರ್ಷದ ಹಸಿರು ಚಾದರ ಮಾಲೀಕರದೇ.
ಮಠ ಅಂದೆ. ಊಟದ ಮನೆಯ ಕಲ್ಲಿನ ಮೇಲೂ ಅವರ ಹೆಸರು.
ದೊಡ್ಡಾಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಹೋಗಿ ಮಲಗು ಅಂದೆ.
"ಯಾವ ರೋಗ ಅಂತ ಹೇಳ್ಲಿ ಅಕ್ಕಾ?"

ಅವನು ತೊಳೆದ ಪ್ಯಾಂಟುಗಳು ದುಬೈ ನೋಡಿದಾವ.
ಸೊಂಟಕ್ಕೊಂದು ಸುಳ್ಳು ಹೆಸರಿನ ಚರ್ಮದ ಚೀಟಿ ಅಂಟಿಸಿದರೆ ಸಾಕು,
ಯಾರೂ ತಡೆಯಂಗಿಲ್ಲ.
ಆ ನೀರೂ ಅಷ್ಟೆ. ಯಾರನ್ನೂ ಕೇಳದೆ
ನೆಲದೊಳಗೇ ಗಡಿ ದಾಟಿ
ಅವನ ಹೆಂಡತಿಯ ತವರಿನ ಬಾವಿಯಲ್ಲಿ ಎದ್ದಿತ್ತು:
ಅತ್ತೆ ತೊಳೆದಿಟ್ಟ ಅಕ್ಕಿ ತಿಳಿನೀಲಿ.
ಅದಕ್ಕೇ ಅಂತೆ ಫೋನು ಹಿಡಿದದ್ದು.
ನನಗೆ ಇಷ್ಟು ದಿನ ಹೇಳಿರಲಿಲ್ಲ.

ಹೋಗಬೇಕು ಅಂದರೂ, ಈ ಕೈ?
ಹತ್ತು ವರ್ಷದ ಬಣ್ಣ ಉಗುರಿನ ಬುಡದಲ್ಲಿ ಕೂತೈತಿ.
ನಿಂಬೆಹಣ್ಣು ತಿಕ್ಕಿದೆ, ಸೀಮೆಎಣ್ಣೆ, ಸುಣ್ಣ.
ಚರ್ಮ ಸುಲೀತು, ನೀಲಿ ಕದಲಲಿಲ್ಲ.
ಯಾವ ಊರಿನ ಅಂಗಡಿಯಲ್ಲಿ ಚಹಾದ ಲೋಟ ಎತ್ತಿದರೂ
ಕೈಯೇ ಹೇಳಿಬಿಡ್ತೈತಿ: ಬಳ್ಳಾರಿ, ವಾಷಿಂಗು, ಹಿಡ್ಕೊಳ್ರಿ.

ಮೂರನೇ ದಿನ ಇಬ್ಬರು ಬಂದರು.
"ಕೈ ತೋರಿಸ್ರಿ ಎಲ್ಲಾರೂ."
ಓಣಿ ಕೈ ತೋರಿಸಿತು.
ದಾರ ಕತ್ತರಿಸುವ ಹುಡುಗಿಯರು, ಇಸ್ತ್ರಿಯ ಮಾಬುಸಾಬ,
ಗುಂಡಿ ಬಡಿಯುವ ಎರ್ರೆಮ್ಮ, ಅವಳ ಸೊಂಟದ ಕೂಸು
(ತುಂಡುಬಟ್ಟೆ ಚೀಪಿ ಚೀಪಿ ಅದರ ತುಟಿಯೂ),
ನಾನು. ಹಿಂದಿನ ಸಾಲಿನಲ್ಲಿ, ಮೀಸೆ ಬೋಳಿಸಿಕೊಂಡು, ಅವನು.
ಎಲ್ಲ ಉಗುರೂ ಒಂದೇ ಬಣ್ಣ.
ಸಣ್ಣ ಪೇದೆ ಮೀಸೆಯ ಫೋಟೋ ನೋಡಿದ, ನಮ್ಮನ್ನ ನೋಡಿದ,
ತನ್ನ ಜೀನ್ಸಿಗೆ ಕೈ ಒರೆಸಿಕೊಂಡ.
ಅದರ ಕಾಜಾ ನಂದೇ. ಗುರುತು ಸಿಕ್ಕಿತು.
ಹೋದರು. ಮತ್ತೆ ಬರ್ತಾರ.

ಗಂಟುಗಳ ಹಿಂದಿನ ಜಾಗ ಒಂದು ಕಾಜಾದಷ್ಟು.
ಬಟ್ಟೆಗೆ ಕತ್ತರಿ ಹಾಕಿ ಮಾಡಿದ ತೂತು,
ಸುತ್ತ ಬಿಗಿಯಾಗಿ ಅಂಚು,
ಹರಿಯದಿದ್ದರೆ ಸಾಕು.

ರಾತ್ರಿ ಎರಡಕ್ಕೆ ಮೋಟರು ಶುರುವಾಯಿತು.
ಅವನ ಜಾಗಕ್ಕೆ ಯಾವನನ್ನೋ ಇಟ್ಟುಕೊಂಡಿರಬೇಕು.
ಕತ್ತಲಲ್ಲಿ ಎದ್ದು ಕೂತ.
"ಬೆಲ್ಟು ಸಡಿಲ ಐತಿ, ಸದ್ದು ಕೇಳು ಅಕ್ಕಾ.
ಹುಡುಗ ಹೊಸಬ.
ಯಾರಾದ್ರೂ ಹೋಗಿ ಅವನಿಗೆ ಹೇಳಬೇಕು."